ಲಾಭ, ಎರಡು, ಮೂರು

ನಾನು ಇನ್ನೂ ಐದು ತುಂಬದ ಚಿಕ್ಕವನಿದ್ದಾಗ, ಸಂಜೆಯಾಯಿತು ಎಂದು ನನಗೆ ತಿಳಿಯುತ್ತಿದ್ದದ್ದು ಅಜ್ಜಿಯ ಒಂದು ಮಾತಿನಿಂದ. ಅಜ್ಜಿ ಅಡುಗೆಕೋಣೆಯ ಮೂಲೆಯಲ್ಲಿ ಕೂತು, ಅಕ್ಕಿಯ ಮಡಕೆಯೊಳಗೆ ಪಾವು ಇಳಿಸಿ ತುಂಬಿಸಿ, ಅಂಗೈಯಿಂದ ಅದರ ಬಾಯಿ ಸವರಿ, ಮೊರಕ್ಕೆ ಸುರಿಯುತ್ತಾ "ಲಾಭ" ಎನ್ನುತ್ತಿದ್ದರು. ಕೆಂಪು ಕುಚ್ಚಲಕ್ಕಿ ಮೊರದ ಮೇಲೆ ಸರ್ರನೆ ಹರಡುತ್ತಿತ್ತು. ಆಮೇಲೆ "ಎರಡು". ಆಮೇಲೆ "ಮೂರು".

ಅಕ್ಕಿ, ಭತ್ತ ಅಳೆಯುವಾಗ ಮೊದಲನೆಯ ಅಳತೆಗೆ "ಒಂದು" ಎನ್ನುವ ಕ್ರಮ ನಮ್ಮಲ್ಲಿ ಇರಲಿಲ್ಲ ಮಕ್ಕಳೇ. ಮನೆಯ ಅನ್ನ ಹೆಚ್ಚುತ್ತಲೇ ಇರಲಿ ಎಂಬ ಆಸೆಯಿಂದ ಮೊದಲಿನದನ್ನು ಲಾಭ ಎಂದೇ ಕರೆಯುತ್ತಿದ್ದರು. ಅಳೆದು ಮುಗಿದ ಮೇಲೆ ಮೊರದಿಂದ ಒಂದು ಹಿಡಿ ಅಕ್ಕಿ ಮರಳಿ ಮಡಕೆಗೆ ಹೋಗಬೇಕು, ನಾಳೆಗೆ. ಆ ಹಿಡಿ ಹಾಕುವ ಕೆಲಸ ನನ್ನದು. ನನ್ನ ಮುಷ್ಟಿ ಚಿಕ್ಕದು, ಅದಕ್ಕೇ ಅಜ್ಜಿ ನನಗೆ ಕೊಟ್ಟರು ಎಂದು ಅವ್ವ ನಗುತ್ತಿದ್ದಳು.

ನಾವು ಆಗ ನೆಟ್ಟಣದಲ್ಲಿದ್ದೆವು. ಈಗ ಅಲ್ಲಿ ರೈಲು ನಿಲ್ಲುತ್ತದೆ. ಆಗ ರೈಲು ಬಂದಿರಲಿಲ್ಲ, ದಾರಿ ಮಾಡುತ್ತಿದ್ದರು. ಅಪ್ಪನಿಗೆ ಬಂಡೆ ಒಡೆಯುವ ಕಡೆ ಕೆಲಸ, ಅವ್ವನಿಗೆ ಜಲ್ಲಿ ಹೊರುವ ಕೆಲಸ. ದಿನವೂ ಮಧ್ಯಾಹ್ನ ಸೀಟಿ ಊದಿದ ಮೇಲೆ ಗುಡ್ಡದ ಆಚೆ ಡಮ್, ಡಮ್ ಎಂದು ಬಂಡೆ ಸಿಡಿಯುತ್ತಿತ್ತು. ನಮ್ಮ ಮನೆಯ ಪಾತ್ರೆಗಳು ಕಿಣಿಕಿಣಿ ಎನ್ನುತ್ತಿದ್ದವು. ಎಷ್ಟು ಕಡೆ ಮದ್ದು ಇಟ್ಟಿದ್ದಾರೋ ಅಷ್ಟು ಸದ್ದು ಕೇಳಬೇಕು. ಅಪ್ಪ ಮತ್ತು ಜೊತೆಯ ಕೆಲಸದವರು ಬೆರಳು ಮಡಚಿ ಎಣಿಸುತ್ತಿದ್ದರಂತೆ. ಎಲ್ಲ ಕೇಳಿದರೆ "ಲೆಕ್ಕ ಸರಿ ಉಂಟು" ಎಂದು ಕೂಗಿ ಮುಂದೆ ಹೋಗುವುದು. ಇಲ್ಲದಿದ್ದರೆ "ಒಂದು ಕಡಿಮೆ ಉಂಟು" ಎಂದು ಒಬ್ಬರು ಹೇಳಿದರೆ ಸಾಕು, ಯಾರೂ ಒಂದು ಹೆಜ್ಜೆ ಇಡುವಂತಿಲ್ಲ. ಅಪ್ಪ ಮನೆಗೆ ಬಂದು ಆ ಮಾತನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. ನಾನು ಆ ದನಿಯನ್ನು ಕಲಿತುಕೊಂಡಿದ್ದೆ. ಬೆಕ್ಕಿನ ಮರಿಗಳನ್ನು ನೋಡಿ ಬಂದು ಕೂಡ ಹಾಗೆಯೇ "ಒಂದು ಕಡಿಮೆ ಉಂಟು" ಎನ್ನುತ್ತಿದ್ದೆ.

ಅಜ್ಜಿ ಬೀಳುವ ಹಿಂದಿನ ಸಂಜೆಯೂ ಎಲ್ಲ ದಿನದಂತೆಯೇ ಇತ್ತು. ಅಜ್ಜಿ ಅಳೆದರು, ನಾನು ಹಿಡಿ ಹಾಕಿದೆ. ಗಂಜಿ ಬೆಂದ ಮೇಲೆ ಬಟ್ಟಲು ಇಡುವ ಕೆಲಸ ನಮ್ಮಿಬ್ಬರದು, ಅಕ್ಕನದು ಮತ್ತು ನನ್ನದು. ಅಕ್ಕ ನಾಲ್ಕನೇ ಕ್ಲಾಸು. ಅವಳು ಬಟ್ಟಲುಗಳನ್ನು ನನ್ನ ಕೈಗೆ ಒಂದೊಂದಾಗಿ ಕೊಟ್ಟು "ಇದು ಯಾರದ್ದು?" ಎಂದು ಕೇಳುತ್ತಿದ್ದಳು. ಅಪ್ಪನದ್ದು. ಅವ್ವನದ್ದು. ಅಜ್ಜಿಯದ್ದು. ಅಕ್ಕನದ್ದು. ನನ್ನದು. ಬೇಕೆಂದೇ ಒಂದು ಬಟ್ಟಲು ಹೆಚ್ಚು ಕೊಟ್ಟು, "ಇದು ಯಾರದ್ದು ಮಾರಾಯ, ಬೆಕ್ಕಿನದ್ದಾ?" ಎಂದು ಕಣ್ಣು ಅಗಲಿಸುತ್ತಿದ್ದಳು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅದು ಲೆಕ್ಕದ ಪಾಠ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಜ್ಜಿ ಜಾರಿ ಬಿದ್ದರು. ಬಲಗಾಲಿನ ಮೂಳೆ ಮುರಿಯಿತು. ನಾಟಿ ವೈದ್ಯರು ಬಂದು ಬಿದಿರಿನ ಸೀಳು ಇಟ್ಟು, ಸೊಪ್ಪು ಅರೆದು ಕಟ್ಟಿ, ಮೂರು ತಿಂಗಳು ಏಳಬಾರದು ಎಂದು ಹೇಳಿ ಹೋದರು. ಮನೆಯೆಲ್ಲ ಸೊಪ್ಪಿನ ಕಹಿ ವಾಸನೆ.

ಅಜ್ಜಿಗೆ ನೋವಿಗಿಂತ ದೊಡ್ಡ ಚಿಂತೆ ನಾನು. "ನನ್ನ ಹತ್ರ ನೀರು, ಗಂಜಿ ಇಟ್ಟು ಹೋಗಿ. ನಾನು ಬಿದ್ದುಕೊಂಡಿರ್ತೇನೆ. ಈ ಬಾಲ ಇಲ್ಲದ ಮಂಗನ ಹಿಂದೆ ಓಡುದು ಯಾರು?" ಎಂದರು. ಬಂಡೆ ಸಿಡಿಸುವ ಜಾಗ ಹತ್ತಿರವೇ ಇತ್ತು. ನನ್ನನ್ನು ಒಂಟಿಯಾಗಿ ಬಿಡುವ ಹಾಗಿರಲಿಲ್ಲ. ಅವ್ವ ಕೆಲಸ ಬಿಡುವ ಹಾಗೂ ಇರಲಿಲ್ಲ. ಉಳಿದದ್ದು ಅಕ್ಕ. ಅವಳ ಸ್ಲೇಟು ಚೀಲದ ಸಮೇತ ಗೋಡೆಯ ಮೊಳೆಗೆ ಹೋಯಿತು.

ಅಕ್ಕ ಅಳಲಿಲ್ಲ. ಆದರೆ ಅವಳ ಶಾಲೆಯ ಗಂಟೆ ನಮ್ಮ ಮನೆಗೆ ಕೇಳುತ್ತಿತ್ತು. ಗಂಟೆ ಎಂದರೆ ನೇತು ಹಾಕಿದ ಒಂದು ಹಳಿಯ ತುಂಡು. ಅದು ಠಣ್ ಎಂದಾಗ ಅಕ್ಕ ಅಂಗಳ ಗುಡಿಸುವುದನ್ನು ನಿಲ್ಲಿಸಿ, ಎಷ್ಟು ಸಲ ಬಾರಿಸುತ್ತಾರೆ ಎಂದು ಕೊನೆಯವರೆಗೂ ಕೇಳಿ, ಮತ್ತೆ ಗುಡಿಸುತ್ತಿದ್ದಳು.

ಒಂದು ವಾರದ ನಂತರ ಅಪ್ಪ ಶಾಲೆಗೆ ಹೋಗಿ ಬಂದರು. ಅದು ಒಂದೇ ಕೋಣೆಯ ಶಾಲೆ. ನಾಲ್ಕು ಕ್ಲಾಸಿಗೂ ಒಬ್ಬರೇ ಮಾಸ್ಟ್ರು. ತಮ್ಮನನ್ನೂ ಶಾಲೆಗೆ ಸೇರಿಸಿಕೊಂಡರೆ ಅಕ್ಕನೂ ಬರಬಹುದಲ್ಲ ಎಂದು ಅಪ್ಪ ಕೇಳಿದರಂತೆ. "ಅವನಿಗೆ ಪ್ರಾಯ ಆಗಲಿಲ್ಲ. ತಲೆಯ ಮೇಲಿಂದ ಕೈ ಹಾಕಿದರೆ ಆಚೆ ಕಿವಿ ಸಿಗಬೇಕು. ಸಿಗದಿದ್ದರೆ, ಕಡೇ ಪಕ್ಷ ಇಪ್ಪತ್ತರವರೆಗೆ ಎಣಿಸಲಿಕ್ಕೆ ಗೊತ್ತಿರಬೇಕು. ಎರಡು ವಾರ ಬಿಟ್ಟು ಸೋಮವಾರ ಕರ್ಕೊಂಡು ಬನ್ನಿ, ನೋಡುವ. ಆ ದಿನ ಮಗಳೂ ಬಾರದಿದ್ದರೆ ಅವಳ ಹೆಸರು ತೆಗೀಬೇಕಾಗ್ತದೆ" ಎಂದಿದ್ದರು ಮಾಸ್ಟ್ರು.

ಅಂದರೆ ಅಕ್ಕನ ಶಾಲೆ ನನ್ನ ಕೈಯಲ್ಲಿತ್ತು. ನನಗೆ ಅದು ಅಷ್ಟಾಗಿ ತಿಳಿಯಲಿಲ್ಲ. ಅಕ್ಕನಿಗೆ ತಿಳಿಯಿತು.

ಅವಳು ಅವತ್ತೇ ಸ್ಲೇಟು ಇಳಿಸಿದಳು. ಕೋಲು ಹಿಡಿದು ಥೇಟು ಮಾಸ್ಟ್ರ ಹಾಗೆ ನಿಂತು, "ಹೇಳು, ಹನ್ನೊಂದು, ಹನ್ನೆರಡು, ಹದಿಮೂರು" ಎಂದಳು. ನಾನು "ಹನ್ನೊಂದು, ಹದಿನಾರು, ಹನ್ನೊಂದು" ಎಂದೆ. ಮತ್ತೆ ಹೇಳಿಸಿದಳು. ಮತ್ತೆ ಹದಿನಾರು ಓಡಿ ಮುಂದೆ ಬಂತು. ಮೂರನೆಯ ದಿನ ನಾನು ಸ್ಲೇಟು ಕಂಡರೆ ಮಂಚದಡಿ ಹೋಗಿ ಕೂರತೊಡಗಿದೆ. ಅಕ್ಕ ಕೋಲು ಬಿಸಾಡಿ ಗೋಡೆಗೆ ಮುಖ ಮಾಡಿ ನಿಂತಳು.

"ಎಂತ ಮಾರಾಯ್ತಿ, ಅವನ ತಲೆಗೆ ಅಕ್ಕಿ ತುಂಬಿಸುದಾ?" ಮಲಗಿದ್ದಲ್ಲಿಂದಲೇ ಅಜ್ಜಿ ಕೇಳಿದರು. "ಬಾಯಿಗೆ ಕೊಡ್ಬೇಡ. ಕೈಗೆ ಕೊಡು. ಅಟ್ಟದಿಂದ ಮಣೆ ಇಳಿಸು, ಹೇಗೂ ಆಟಿ ತಿಂಗಳು ಬಂತು."

ಮಣೆ ಎಂದರೆ ಚೆನ್ನೆಮಣೆ. ಹಲಸಿನ ಮರದ ಹಲಗೆಯಲ್ಲಿ ಈಚೆ ಏಳು, ಆಚೆ ಏಳು ಗುಳಿ. ಒಂದೊಂದು ಗುಳಿಯಲ್ಲಿ ನಾಲ್ಕು ನಾಲ್ಕು ಕೆಂಪು ಮಂಜೊಟ್ಟಿ ಕಾಳು. ಅಜ್ಜಿ ಅದನ್ನು ಆಲೆಟ್ಟಿಯ ತವರುಮನೆಯಿಂದ ತಂದಿದ್ದರು. ನಮ್ಮ ಕಡೆ ಆಟಿ ತಿಂಗಳಲ್ಲಿ, ಎಂದರೆ ಆಷಾಢದಲ್ಲಿ ಮಾತ್ರ ಅದು ಕೆಳಗೆ ಇಳಿಯುತ್ತಿತ್ತು. ಇನ್ನೊಂದು ಕಟ್ಟಳೆಯೂ ಇತ್ತು: ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದು, ಆಡಿದರೆ ಮನಸ್ಸು ಮುರಿಯುತ್ತದೆ ಎಂದು ನಂಬಿಕೆ. ಹಾಗಾಗಿ ಅಜ್ಜಿ ಚಾಪೆಯಲ್ಲಿ ಒರಗಿಕೊಂಡು ಆಚೆ ಬದಿ, ಅಕ್ಕ ಮತ್ತು ನಾನು ಅಂಟಿಕೊಂಡು ಕೂತು ಈಚೆ ಬದಿ. ಅಜ್ಜಿಯ ಎದುರು ನಾವಿಬ್ಬರು ಸೇರಿ ಒಬ್ಬರು.

ಒಂದು ಗುಳಿಯ ಕಾಳು ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಅಜ್ಜಿ ಆಡುತ್ತಿದ್ದ ಕ್ರಮದಲ್ಲಿ, ನಮ್ಮ ಗುಳಿಯಲ್ಲಿ ಯಾವಾಗ ನಾಲ್ಕಾಗುತ್ತದೋ ಆಗ ಗಬಕ್ಕನೆ ಎತ್ತಿಕೊಳ್ಳಬೇಕು. ಕಣ್ಣು ತಪ್ಪಿದರೆ ಇನ್ನೊಂದು ಕಾಳು ಬಿದ್ದು ಐದಾಗಿ, ನಾಲ್ಕು ಕೈಬಿಟ್ಟು ಹೋಗುತ್ತಿತ್ತು. ಎರಡು ದಿನ ಅಜ್ಜಿಯೇ ಗೆದ್ದರು. "ಏನು ಕಣ್ಣೋ ಅದು, ಕುಂಬಳಕಾಯಿ ಬೀಜವೋ?" ಎಂದು ನನ್ನನ್ನು ಕೆಣಕಿದರು. ಮೂರನೆಯ ದಿನ ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ, ಗುಳಿಯ ತಳದಲ್ಲಿ ಕೂತ ಮೂರು ಕೆಂಪು ಚುಕ್ಕಿ ಹೇಗಿರುತ್ತದೆ, ನಾಲ್ಕು ಚುಕ್ಕಿ ಹೇಗಿರುತ್ತದೆ ಎಂಬುದು ನನ್ನ ಕಣ್ಣಿಗೆ ಕೂತುಬಿಟ್ಟಿತು. ಮುಖ ನೋಡಿದರೆ ಅವ್ವ ಯಾರು, ಅಜ್ಜಿ ಯಾರು ಎಂದು ಗೊತ್ತಾಗುತ್ತದಲ್ಲ, ಹಾಗೆ. ಅಜ್ಜಿಯ ಕೈ ಗುಳಿಯಿಂದ ಮೇಲೆ ಬರುವ ಮೊದಲೇ ನಾನು "ನಾಲ್ಕು!" ಎಂದು ಕಿರುಚಿ ಎತ್ತಿಕೊಳ್ಳುತ್ತಿದ್ದೆ. ಏಳು ಗುಳಿಯ ಸಾಲು ಎಂದರೆ ನಾಲ್ಕು ಮತ್ತು ಮೂರು ಎಂಬುದೂ ಹಾಗೆಯೇ ಬಂತು.

ಅಕ್ಕನಿಗೆ ದಾರಿ ಸಿಕ್ಕಿತು. ಆಮೇಲೆ ದಿನಕ್ಕೊಂದು ಆಟ. ಕಲ್ಲಿನ ರಾಶಿಯಿಂದ ಕಲ್ಲು ಆರಿಸಿ ತಂದು ದೊಡ್ಡದರಿಂದ ಚಿಕ್ಕದಕ್ಕೆ ಸಾಲು ಇಡುವುದು. ಒಂದು ಕೊಡಪಾನ ತುಂಬಲು ಎಷ್ಟು ಗೆರಟೆ, ಎಂದರೆ ತೆಂಗಿನ ಚಿಪ್ಪು, ನೀರು ಬೇಕು ಎಂದು ಮೊದಲೇ ಊಹಿಸಿ ಹೇಳಿ, ಆಮೇಲೆ ಸುರಿದು ನೋಡುವುದು. ತಪ್ಪಿದವರು ಸೋತರು, ಸೋತವರ ತಲೆಗೆ ಕೊನೆಯ ಗೆರಟೆ. ಕೆಂಪು ಕಾಳು, ಬಿಳಿ ಕಲ್ಲು, ಕೆಂಪು ಕಾಳು, ಬಿಳಿ ಕಲ್ಲು ಇಟ್ಟು ಮುಂದೆ ಯಾವುದು ಎಂದು ಕೇಳುವುದು. ಮುಷ್ಟಿಯಲ್ಲಿ ಐದು ಕಾಳು ತೋರಿಸಿ, ಬೆನ್ನ ಹಿಂದೆ ಹೋಗಿ ಎರಡು ಮಾತ್ರ ಹೊರಗೆ ತಂದು, "ಉಳಿದದ್ದು ಎಷ್ಟು ಅಡಗಿ ಕೂತಿದ್ದಾವೆ?" ಎನ್ನುವುದು. ನಾನು ತಪ್ಪು ಹೇಳಿದರೆ ಅವಳು ಸರಿ ಹೇಳಿಕೊಡುತ್ತಿರಲಿಲ್ಲ. ಮುಷ್ಟಿ ಬಿಚ್ಚಿ ತೋರಿಸುತ್ತಿದ್ದಳು, ಅಷ್ಟೇ.

ಇಪ್ಪತ್ತರವರೆಗೆ ಎಣಿಸುವುದು ಅಜ್ಜಿಯ ಪಾಲು. ಅಜ್ಜಿ ಮಲಗಿದಲ್ಲೇ ಮೊರ ತರಿಸಿಕೊಂಡು, ಗೆರಟೆಯಿಂದ ಹೊಟ್ಟು ಅಳೆಸುತ್ತಾ ನನ್ನಿಂದ ಹೇಳಿಸಿದರು. ಪ್ರತಿ ಮಾತಿಗೂ ಒಂದು ಗೆರಟೆ ಬೀಳಬೇಕು. ಗೆರಟೆ ಎತ್ತುವ ಕೈಗೆ ಹದಿನಾರು ಯಾವಾಗ ಬರುತ್ತದೆ ಎಂದು ಗೊತ್ತಾಯಿತು. ಅದು ಮುಂದೆ ಓಡುವುದು ನಿಂತಿತು. ಶನಿವಾರ ನಾನು ಒಂದೂ ತಪ್ಪದೆ ಇಪ್ಪತ್ತಕ್ಕೆ ಮುಟ್ಟಿದೆ. ಅಜ್ಜಿ ನನ್ನ ಕೆನ್ನೆ ಹಿಂಡಿದರು. ಅಕ್ಕ ಅಂಗಳದಲ್ಲಿ ಒಂದು ಸುತ್ತು ಓಡಿ ಬಂದಳು. ಆ ಖುಷಿಯಲ್ಲಿ ನಾನು ಎಲ್ಲಿಂದ ಆರಂಭಿಸಿದೆ ಎಂಬುದು ನಮ್ಮ ಮನೆಯಲ್ಲಿ ಒಬ್ಬರ ಕಿವಿಗೂ ಬೀಳಲಿಲ್ಲ.

ಸೋಮವಾರ ಬಂತು. ಅಪ್ಪನ ಹಳೇ ಅಂಗಿಯಿಂದ ಅವ್ವ ಹೊಲಿದ ಅಂಗಿ ನನಗೆ. ಅಕ್ಕ ಎರಡು ಜಡೆ ಹಾಕಿ, ಮೊಳೆಯಿಂದ ಚೀಲ ಇಳಿಸಿ ಹೆಗಲಿಗೆ ಹಾಕಿಕೊಂಡಳು. ಅಪ್ಪ, ಅವ್ವ ಕೆಲಸಕ್ಕೆ ಹೋಗಿಯಾಗಿತ್ತು, ಅಜ್ಜಿಯ ಪಕ್ಕ ಗಂಜಿ, ನೀರು ಇಟ್ಟು ನಾವಿಬ್ಬರೇ ಹೊರಟೆವು. ಪಕ್ಕದ ಮನೆಯ ದೊಡ್ಡಮ್ಮ ಆಗಾಗ ಬಂದು ನೋಡುತ್ತೇನೆ ಎಂದಿದ್ದರು. ದಾರಿಯುದ್ದಕ್ಕೂ ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಶಾಲೆ ಮುಟ್ಟುವಾಗ ನನ್ನ ಬೆರಳುಗಳು ಒಂದಕ್ಕೊಂದು ಅಂಟಿಹೋಗಿದ್ದವು.

ಮಾಸ್ಟ್ರು ಎತ್ತರದ ಮನುಷ್ಯ. ಮೂಗಿನ ತುದಿಯಲ್ಲಿ ಕನ್ನಡಕ. ಬೆಳಗ್ಗಿನ ಪಾಠ ಮುಗಿಯುವವರೆಗೆ ನಮ್ಮನ್ನು ಕಾಯಿಸಿ, "ಕೈ ಎತ್ತು ನೋಡುವ" ಎಂದರು. ನಾನು ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಯ ಕಡೆ ಚಾಚಿದೆ. ಕತ್ತು ವಾಲಿಸಿದೆ. ಉಸಿರು ಬಿಗಿಹಿಡಿದೆ. ಬೆರಳು ಕಿವಿಗಿಂತ ಒಂದು ಬೆರಳಷ್ಟು ಮೇಲೆಯೇ ನಿಂತಿತು.

"ಸಿಗುದಿಲ್ಲ" ಎಂದರು ಮಾಸ್ಟ್ರು. ಮೇಜಿನ ಮೇಲೆ ಒಂದು ರಾಶಿ ಹುಣಸೆಬೀಜ ಸುರಿದರು. "ಎಣಿಸಿ ಈಚೆ ಇಡು. ಮಗಳೇ, ನೀನು ಬಾಗಿಲ ಹತ್ರ ನಿಲ್ಲು. ಬಾಯಿ ತೆರೀಬಾರದು."

ಅಕ್ಕ ಬಾಗಿಲಿಗೆ ಹೋದಳು. ನಾಲ್ಕು ಕ್ಲಾಸಿನ ಮಕ್ಕಳೂ ನನ್ನನ್ನೇ ನೋಡುತ್ತಿದ್ದರು. ನಾನು ಮೊದಲ ಬೀಜ ಎತ್ತಿ, ಅಜ್ಜಿ ಹೇಳಿಕೊಟ್ಟಂತೆ ಗಟ್ಟಿಯಾಗಿ ಹೇಳಿದೆ: "ಲಾಭ!"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಶಾಲೆಯೇ ಬಿದ್ದು ನಗತೊಡಗಿತು. "ಇವ ಅಕ್ಕಿ ಅಳೀಲಿಕ್ಕೆ ಬಂದದ್ದಾ?" ಎಂದ ಒಬ್ಬ ದೊಡ್ಡ ಹುಡುಗ. "ಮಾಸ್ಟ್ರೇ, ಮೊರ ತರ್ಲಾ?" ಎಂದ ಇನ್ನೊಬ್ಬ.

ಮಾಸ್ಟ್ರು ಮೇಜು ತಟ್ಟಿದರು. ಅವರ ತುಟಿಯೂ ಅಲುಗುತ್ತಿತ್ತು. "ಇದು ಶಾಲೆ ಮಾರಾಯ, ಇಲ್ಲಿ ಒಂದರಿಂದ ಎಣಿಸುದು. ನಿನ್ನ ಒಂದು ಎಲ್ಲಿ ಹೋಯ್ತು? ಇನ್ನೊಮ್ಮೆ ಹೇಳು."

ಬೀಜ ಕೈಯಲ್ಲಿತ್ತು. ಎಣಿಸಲು ಕೈ ಎತ್ತಿದರೆ ಬಾಯಿಗೆ ಬರುವುದು ಅದೊಂದೇ ಮಾತು. "ಲಾಭ" ಎಂದೆ, ಈ ಸಲ ಮೆಲ್ಲಗೆ. ನಗು ಮೊದಲಿಗಿಂತ ಜೋರಾಯಿತು. ನನ್ನ ಕೈಯಿಂದ ಬೀಜ ಬಿತ್ತು. ಬಾಗಿಲಲ್ಲಿ ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ತಪ್ಪು ಎಲ್ಲಿ ಆಯಿತು ಎಂದು ಅವಳಿಗೆ ಆಗ ಹೊಳೆದಿತ್ತು.

"ಪಾಪ, ಚಿಕ್ಕವ" ಎಂದರು ಮಾಸ್ಟ್ರು. "ಮುಂದಿನ ವರ್ಷ ಕರ್ಕೊಂಡು ಬಾ ಮಗಳೇ."

ಅಕ್ಕ ಮನೆಗೆ ತಿರುಗಲಿಲ್ಲ. ನೇರ ಮೇಜಿನ ಹತ್ತಿರ ಬಂದಳು. ಮಾಸ್ಟ್ರ ಎದುರು ಯಾರೂ ಹಾಗೆ ಬರುತ್ತಿರಲಿಲ್ಲ. "ಮಾಸ್ಟ್ರೇ, ಅವನಿಗೆ ಬಾಯಲ್ಲಿ ಬರುದು ಕಡಿಮೆ. ಕೈಯಲ್ಲಿ ಬರ್ತದೆ. ಅವನಿಗೆ ಒಂದು ಕೆಲಸ ಹೇಳಿ ನೋಡಿ. ಒಂದೇ ಒಂದು."

ಮಾಸ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಹೊರಗೆ ಒಲೆಯ ಮೇಲೆ ಸಜ್ಜಿಗೆ ಕುದಿಯುವ ವಾಸನೆ ಬರುತ್ತಿತ್ತು. ರವೆಯ ಉಪ್ಪಿಟ್ಟಿಗೆ ನಮ್ಮಲ್ಲಿ ಹಾಗೆ ಹೇಳುತ್ತೇವೆ. ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳಿಗೆ ಅದೇ ಊಟ. "ಆಯ್ತು. ಈಗ ಸಜ್ಜಿಗೆಯ ಹೊತ್ತು. ಒಂದನೇ ಕ್ಲಾಸಿನವರಿಗೆ ಇವ ಎಲೆ ಹಾಕಲಿ. ಒಂದೇ ಸಲ ತರ್ಬೇಕು. ಕಡಿಮೆ ಆಗ್ಬಾರದು, ಹೆಚ್ಚು ಆಗ್ಬಾರದು. ಯಾರೂ ಹೇಳಿಕೊಡುವ ಹಾಗಿಲ್ಲ" ಎಂದರು.

ಮೂಲೆಯಲ್ಲಿ ತೇಗದ ಎಲೆಗಳ ಕಟ್ಟು ಇತ್ತು. ಬಿಸಿ ಸಜ್ಜಿಗೆ ಎಲೆ ದಾಟಿ ಸೆಗಣಿ ಸಾರಿಸಿದ ನೆಲಕ್ಕೆ ಇಳಿಯದಂತೆ, ಮಕ್ಕಳು ಸ್ಲೇಟಿನ ಮೇಲೆ ಎಲೆ ಇಟ್ಟು ತಿನ್ನುತ್ತಿದ್ದರು. ಬೆಳಗ್ಗೆ ಬರೆದದ್ದೆಲ್ಲ ಮಧ್ಯಾಹ್ನಕ್ಕೆ ಅಳಿಸಿ ಹೋಗುತ್ತಿತ್ತು. ಒಂದನೇ ಕ್ಲಾಸಿನವರು ಎದುರುಬದುರು ಎರಡು ಸಾಲಾಗಿ ಕೂರುತ್ತಿದ್ದರು, ಮುಂದೆ ಸ್ಲೇಟು.

ನಾನು ನೋಡಿದೆ. ಮಕ್ಕಳ ಮುಖ ನೋಡಲಿಲ್ಲ, ನೋಡಿದರೆ ನಗುತ್ತಾರೆ ಎಂದು ಹೆದರಿಕೆ. ನೆಲ ನೋಡಿದೆ. ಈಚೆ ಒಂದು ಸಾಲು ಕಪ್ಪು ಸ್ಲೇಟು, ಆಚೆ ಒಂದು ಸಾಲು ಕಪ್ಪು ಸ್ಲೇಟು. ಈಚೆ ನಾಲ್ಕು ಮತ್ತು ಮೂರು. ಆಚೆ ನಾಲ್ಕು ಮತ್ತು ಮೂರು. ಅದು ನಮ್ಮ ಮಣೆ. ಅಜ್ಜಿಯ ಮಣೆಯನ್ನೇ ಯಾರೋ ದೊಡ್ಡದು ಮಾಡಿ ನೆಲದಲ್ಲಿ ಹಾಸಿದ್ದರು.

ಎಲೆಯ ಕಟ್ಟಿನ ಹತ್ತಿರ ಹೋದೆ. ನಾಲ್ಕು ತೆಗೆದೆ, ಮೂರು ತೆಗೆದೆ. ಒಂದು ಬದಿ ಆಯಿತು. ಅದರ ಮೇಲೆ ಅಡ್ಡಕ್ಕೆ ಮತ್ತೆ ನಾಲ್ಕು ಇಟ್ಟೆ, ಮೂರು ಇಟ್ಟೆ. ಎಳೆ ಎಲೆಯ ಬಣ್ಣ ತಾಗಿ ನನ್ನ ಅಂಗೈ ಕೆಂಪಾಯಿತು. ಎರಡೂ ಕೈಯಲ್ಲಿ ಅಪ್ಪಿಕೊಂಡು ತಂದು, ಸ್ಲೇಟಿಗೊಂದು, ಸ್ಲೇಟಿಗೊಂದು ಇಡುತ್ತಾ ಹೋದೆ. ಕಾಳು ಹಾಕಿದ ಹಾಗೆಯೇ. ಕೊನೆಯ ಎಲೆ ಕೊನೆಯ ಸ್ಲೇಟಿಗೆ. ಕೈ ಖಾಲಿ.

"ಹೆಚ್ಚು! ಒಂದು ಎಲೆ ಹೆಚ್ಚು!" ದೊಡ್ಡ ಹುಡುಗ ಎದ್ದು ನಿಂತು ಕೂಗಿದ. "ಅಲ್ಲಿ ನೋಡಿ ಮಾಸ್ಟ್ರೇ, ಅಲ್ಲಿ ಜನವೇ ಇಲ್ಲ!"

ಹೌದು. ಆಚೆ ಸಾಲಿನ ಕೊನೆಯ ಸ್ಲೇಟಿನ ಹಿಂದೆ ಯಾರೂ ಇರಲಿಲ್ಲ. ಎಲೆ ಮಾತ್ರ ಇತ್ತು. ಮಾಸ್ಟ್ರು ತಲೆ ಆಡಿಸಿದರು. ಅಕ್ಕನ ಮುಖ ಬಿಳಿಚಿತು.

ಎಲ್ಲರೂ ಮತ್ತೆ ನಗುವ ಮೊದಲೇ ನನ್ನ ಬಾಯಿಂದ ಮಾತು ಬಂತು. ಅದು ನನ್ನ ದನಿ ಆಗಿರಲಿಲ್ಲ, ಅಪ್ಪನದು. ಬಂಡೆಯ ಕೆಲಸ ಮುಗಿಸಿ ಬಂದು ಹೇಳುತ್ತಿದ್ದ, ತಗ್ಗಿದ, ಗಟ್ಟಿ ದನಿ.

"ಎಲೆ ಸರಿ ಉಂಟು. ಮಕ್ಕಳಲ್ಲಿ ಒಂದು ಕಡಿಮೆ ಉಂಟು."

ಮಾಸ್ಟ್ರ ತಲೆ ಆಡುವುದು ನಿಂತಿತು. ಸಾಲನ್ನು ನೋಡಿದರು. ಬೆರಳು ಮಾಡಿ ಎಣಿಸಿದರು. ಹಾಜರಿ ಪುಸ್ತಕ ಬಿಡಿಸಿದರು. ಮತ್ತೆ ಎಣಿಸಿದರು. "ಬೆಳಗ್ಗೆ ಹದಿನಾಲ್ಕು ಬರೆದಿದ್ದೇನೆ. ಇಲ್ಲಿ ಹದಿಮೂರು. ಆ ಸ್ಲೇಟು ಯಾರದ್ದು?"

ಅದು ಒಂದನೇ ಕ್ಲಾಸಿನ ಅತಿ ಚಿಕ್ಕ ಹುಡುಗಿಯದು. ಆಗ ಶಾಲೆಯಲ್ಲಿ ನಗು ಎಲ್ಲ ನಿಂತುಹೋಯಿತು. ಒಬ್ಬರು ಬಾವಿಯ ಕಡೆ ಓಡಿದರು, ಒಬ್ಬರು ರಸ್ತೆಯ ಕಡೆ. ಮಾಸ್ಟ್ರು ಚಪ್ಪಲಿ ಹಾಕಿಕೊಳ್ಳದೆ ಅಂಗಳಕ್ಕೆ ಇಳಿದರು. ಗುಡ್ಡದ ಆಚೆಯಿಂದ ಸೀಟಿ ಕೇಳಿತು, ಇನ್ನು ಸ್ವಲ್ಪ ಹೊತ್ತಿಗೆ ಬಂಡೆ ಸಿಡಿಯುತ್ತದೆ ಎಂದು. ಮಾಸ್ಟ್ರ ಮುಖ ನೋಡಲು ನನಗೆ ಭಯವಾಯಿತು.

ಹುಡುಕಿದ್ದು ಅಕ್ಕ. ಅವಳು ಹೊರಗೆ ಓಡಲಿಲ್ಲ. ಮೂಲೆಯಲ್ಲಿ ಹಾಲಿನ ಪುಡಿಯ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಅದರ ಹಿಂದೆ ಬಗ್ಗಿ ನೋಡಿ "ಇಲ್ಲುಂಟು ಮಾಸ್ಟ್ರೇ!" ಎಂದು ಕೂಗಿದಳು. ಚೀಲದ ತೂತಿಗೆ ಬೆರಳು ಹಾಕಿ ಹಾಲಿನ ಪುಡಿ ನೆಕ್ಕಿ ನೆಕ್ಕಿ, ತುಟಿ, ಮೂಗು, ಹುಬ್ಬು ಎಲ್ಲ ಬಿಳಿ ಮಾಡಿಕೊಂಡು ಆ ಪುಟ್ಟಿ ಅಲ್ಲೇ ನಿದ್ದೆ ಹೋಗಿದ್ದಳು. ಎಬ್ಬಿಸಿದಾಗ "ಸಜ್ಜಿಗೆ ಆಯ್ತಾ?" ಎಂದು ಕೇಳಿದಳು.

ಮಾಸ್ಟ್ರು ಮೇಜಿಗೆ ಒರಗಿ ನಿಂತು ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. ಅವರ ಕನ್ನಡಕ ನನ್ನ ಮೂಗಿನ ಎದುರಿತ್ತು.

"ಈಗ ಒಂದು ಎಂದಿಯಲ್ಲ ಮಾರಾಯ! ಇಷ್ಟು ಹೊತ್ತು ಅದನ್ನು ಎಲ್ಲಿ ಇಟ್ಟುಕೊಂಡಿದ್ದೆ?"

ನಾನು ನಿಜ ಹೇಳಿದೆ. "ಒಂದು ಎಂದರೆ ಕಡಿಮೆ ಆದದ್ದು. ಮೊದಲಿನದ್ದು ಲಾಭ."

ಈ ಸಲ ಮಾಸ್ಟ್ರೇ ಮೊದಲು ನಕ್ಕರು. ಹೊಟ್ಟೆ ಕುಲುಕಿಸಿ ನಕ್ಕರು. ಅದೇ ಹೊತ್ತಿಗೆ ಗುಡ್ಡದ ಆಚೆ ಡಮ್, ಡಮ್ ಎಂದು ಸದ್ದು ಶುರುವಾಯಿತು, ಸ್ಲೇಟುಗಳು ನೆಲದ ಮೇಲೆ ಕುಣಿದವು. ಮಾಸ್ಟ್ರು ಎದ್ದು, ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆದರು. ಬರೆದು ಮುಗಿಸಿ ಬಾಗಿಲ ಕಡೆ ನೋಡಿ, "ಅಲ್ಲಿ ಎಂತ ನಿಂತದ್ದು ನೀನು? ನಾಲ್ಕನೇ ಕ್ಲಾಸಿನವರು ಆಚೆ ಕೂರುದಲ್ವಾ?" ಎಂದರು.

ಅಕ್ಕ ತನ್ನ ಜಾಗಕ್ಕೆ ಹೋಗಿ ಕೂತಳು. ಚೀಲದಿಂದ ಸ್ಲೇಟು ತೆಗೆದು ಮಡಿಲಲ್ಲಿಟ್ಟು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅಷ್ಟು ದಿನಗಳಲ್ಲಿ ಮೊದಲ ಸಲ ನೋಡಿದೆ. ಆ ದಿನದ ಸಜ್ಜಿಗೆಗೆ ತೆಂಗಿನಕಾಯಿ ಇರಲಿಲ್ಲ, ಸ್ವಲ್ಪ ಹೊಗೆವಾಸನೆಯೂ ಇತ್ತು. ಅಂಥ ಸಜ್ಜಿಗೆಯನ್ನು ನಾನು ಆಮೇಲೆ ಎಲ್ಲಿಯೂ ತಿಂದಿಲ್ಲ.

ಸಂಜೆ ಮನೆಯ ಅಂಗಳದಿಂದಲೇ ನಾವಿಬ್ಬರೂ ಒಟ್ಟಿಗೆ ಕೂಗಿಕೊಂಡು ಹೋದೆವು. ಅಜ್ಜಿಗೆ ಕತೆಯನ್ನು ಮೂರು ಸಲ ಹೇಳಿದೆವು. ಲಾಭದ ವಿಷಯ ಬಂದಾಗ ಅಜ್ಜಿ ಹಣೆ ಬಡಿದುಕೊಂಡು, "ಅಯ್ಯೋ ನನ್ನ ಬಾಯಿಯೇ!" ಎಂದು ನಕ್ಕು, ಕಾಲು ನೋವಾಗಿ ಮುಖ ಕಿವುಚಿ, ಮತ್ತೆ ನಕ್ಕರು. ಅಪ್ಪ ಕೆಲಸದಿಂದ ಬಂದವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿದರು. ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಒಂದೇ ಮಾತು ಹೇಳಿದರು: "ಲೆಕ್ಕ ಸರಿ ಉಂಟು." ಆ ದಿನ ಅಕ್ಕಿ ಅಳೆದದ್ದು ನಾನು. ಅಜ್ಜಿ ಮಲಗಿದಲ್ಲಿಂದ ನೋಡುತ್ತಿದ್ದರು.

ಅಕ್ಕ ಮುಂದೆ ಓದಿದಳು. ಪೆರಾಬೆಯ ಹತ್ತಿರ ಬಾಲವಾಡಿಯ ಟೀಚರಾಗಿ, ಪ್ರಾಯ ಆಗಿ ಬಿಡುವವರೆಗೂ ಚಿಕ್ಕ ಮಕ್ಕಳ ನಡುವೆಯೇ ಇದ್ದಳು. ಅವಳ ಬಾಲವಾಡಿಯಲ್ಲಿ ಕೋಲು ಇರಲಿಲ್ಲ. ಗೆರಟೆ ಇತ್ತು, ಕಲ್ಲು ಇತ್ತು, ಎಲೆ ಇತ್ತು, ಒಂದು ಡಬ್ಬಿ ಮಂಜೊಟ್ಟಿ ಇತ್ತು. ಮಗು ತಪ್ಪು ಹೇಳಿದರೆ ಅವಳು ಮುಷ್ಟಿ ಬಿಚ್ಚಿ ತೋರಿಸುತ್ತಿದ್ದಳು, ಅಷ್ಟೇ. ಆ ಮಕ್ಕಳ ಪೈಕಿ ಕೆಲವರು ಈಗ ತಾವೇ ಟೀಚರಾಗಿದ್ದಾರೆ.

ಈಗ ನಾವಿರುವುದು ಪುತ್ತೂರಿನಲ್ಲಿ. ನನ್ನ ಮೊಮ್ಮಗಳಿಗೆ ಐದೂವರೆ. ಅವಳನ್ನು ಕರೆದುಕೊಂಡು ಹೋಗಲು ಹಳದಿ ವ್ಯಾನ್ ಬರುತ್ತದೆ. ಯಾರೂ ಅವಳಿಗೆ ಕಿವಿ ಮುಟ್ಟು ಎನ್ನಲಿಲ್ಲ. ಅವಳ ಶಾಲೆಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಮಣಿಗಳಿವೆ. ಮನೆಯಲ್ಲಿ ಮೊಬೈಲಿನೊಳಗೆ ಒಂದು ಕರಡಿ ಉಂಟು. ಸರಿಯಾಗಿ ಎಣಿಸಿದರೆ ಅದು ಚಪ್ಪಾಳೆ ತಟ್ಟುತ್ತದೆ, ನಕ್ಷತ್ರ ಉದುರುತ್ತದೆ. ಒಳ್ಳೆಯದೇ. ನಮಗೆ ನಕ್ಷತ್ರ ಇರಲಿಲ್ಲ, ಸೋತರೆ ತಲೆಗೆ ಗೆರಟೆ ನೀರು ಇತ್ತು. ಎರಡರಲ್ಲೂ ಮಕ್ಕಳು ನಗುತ್ತಾರೆ. ಆದರೆ ಸಂಜೆ ಅವಳಿಂದ ನಾನು ಅಕ್ಕಿ ಅಳೆಸುತ್ತೇನೆ. ಕುಕ್ಕರಿಗೆ ಮೊದಲ ಲೋಟ ಹಾಕುವಾಗ ಅವಳು "ಲಾಭ" ಎನ್ನುತ್ತಾಳೆ, ಶಾಲೆಯಲ್ಲಿ "ಒಂದು" ಎನ್ನುತ್ತಾಳೆ. ಎಲ್ಲಿ ಯಾವುದು ಎಂದು ಅವಳಿಗೆ ಗೊತ್ತು. ಈ ವಿಷಯದಲ್ಲಿ ಅವಳು ನನಗಿಂತ ಜಾಣೆ. ಹಿಡಿ ಅಕ್ಕಿ ಮರಳಿ ಡಬ್ಬಿಗೆ ಹಾಕುವುದನ್ನು ಒಂದು ದಿನವೂ ಮರೆಯುವುದಿಲ್ಲ.

ಪ್ರತಿ ಆಟಿಯಲ್ಲಿ ಅಕ್ಕ ಮಣೆ ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಿದ್ದಳು. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದು ಸಲವೂ ಎದುರುಬದುರು ಕೂತದ್ದಿಲ್ಲ. ಹೋದ ವರ್ಷ ಮೊಮ್ಮಗಳು ಆಚೆ ಬದಿ, ನಾವಿಬ್ಬರು ಮುದುಕರು ಈಚೆ ಬದಿ. ಮಗು ನಮ್ಮಿಬ್ಬರನ್ನೂ ಸೋಲಿಸಿತು. ಅಕ್ಕ ನನ್ನ ಮೊಣಕೈಗೆ ತಿವಿದು, "ಏನು ಕಣ್ಣೋ ಅದು, ಕುಂಬಳಕಾಯಿ ಬೀಜವೋ?" ಎಂದಳು.

ಈ ಸಲ ಮಣೆ ಮಾತ್ರ ಬಂತು. ಅಕ್ಕನ ಮಗಳು ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟಳು. ನಿನ್ನೆ ಅದನ್ನು ಒರೆಸಿ ಜಗಲಿಯಲ್ಲಿ ಇಟ್ಟೆ. ಮೊಮ್ಮಗಳು ಆಚೆ ಬದಿ ಬಂದು ಕೂತಳು. ನಾನು ಈಚೆ ಬದಿ ಕೂತು ಗುಳಿಗೆ ನಾಲ್ಕರಂತೆ ಕಾಳು ತುಂಬಿಸಿದೆ. ಹದಿನಾಲ್ಕು ಗುಳಿಯೂ ತುಂಬಿದವು, ಐವತ್ತಾರು ಕಾಳೂ ಉಂಟು.

ನನ್ನ ಪಕ್ಕದಲ್ಲಿ ಕೂರಲು ಅಕ್ಕ ಇಲ್ಲ.